ಮಳೆಯ ಲೆಕ್ಕ

ಸುರಪುರ ಸೀಮೆಯ ಕೆಂಭಾವಿಯಲ್ಲಿ ಕಟ್ಟೆಯ ಮೇಲೆ ಕುಳಿತವರನ್ನು ‘ಮಳಿ ಎಷ್ಟ್ ಆಗ್ಯಾದ?’ ಎಂದು ಕೇಳಿದರೆ ‘ಹಸಿಗೆ ಹಸಿ ಕೂಡ್ಯಾದ’ ಎಂಬ ಉತ್ತರ ಬರುತ್ತದೆ. ಮೇಲಿನ ತೇವ ನೆಲದೊಳಗಿನ ತೇವವನ್ನು ಮುಟ್ಟಿತು ಎಂದರ್ಥ. ಬಿತ್ತುವವನಿಗೆ ಅಷ್ಟು ಲೆಕ್ಕ ಸಾಕಾಗಿತ್ತು. ಮಳೆಯನ್ನು ಅಂಕಿಯಲ್ಲಿ ಅಳೆಯುವ ಅಗತ್ಯ ಬಿದ್ದದ್ದು ಆಳುವವರಿಗೆ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಒಂದು ಮೊಳ ಬಾಯಿಯ ಕುಂಡವನ್ನು ಮಳೆ ಅಳೆಯಲು ಇಡಬೇಕೆಂಬ ವಿಧಿಯಿದೆ. ಅದನ್ನು ಇಡಬೇಕಾದದ್ದು ಹೊಲದಲ್ಲಲ್ಲ, ಅರಸನ ಉಗ್ರಾಣದಲ್ಲಿ! ಗೋದಾವರಿ ತೀರದ ಅಶ್ಮಕಕ್ಕೆ ಹದಿಮೂರೂವರೆ ದ್ರೋಣ ಮಳೆಯೆಂದೂ ಅಲ್ಲಿ ಬರೆದಿದೆ. 1441ರಲ್ಲಿ ಕೊರಿಯಾದ ದೊರೆ ಸೆಜೊಂಗನ ಕಾಲಕ್ಕೆ ಮಳೆಮಾಪಕ ರೂಪುಗೊಂಡು, ಪ್ರಾಂತಗಳಿಂದ ಅರಮನೆಗೆ ವರದಿಗಳು ಹೋಗತೊಡಗಿದವು. ನಮ್ಮಲ್ಲಿ 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಮಳೆಮಾಪಕವು ತಾಲ್ಲೂಕು ಕಚೇರಿಗಳ ಅಂಗಳದಲ್ಲಿ ನೆಲೆಗೊಂಡಿತು.

ಅಂಕಿಯ ಬೆಲೆ ರೈತನಿಗೂ ತಟ್ಟುವ ಕಾಲ ಈಗ ಬಂದಿದೆ. 2007ರಲ್ಲಿ ಕರ್ನಾಟಕದಲ್ಲಿ ಹವಾಮಾನ ಆಧಾರಿತ ಬೆಳೆವಿಮೆಯ ಪ್ರಯೋಗ ಆರಂಭವಾಯಿತು. ಅದರಲ್ಲಿ ಪರಿಹಾರ ನಿರ್ಧಾರವಾಗುವುದು ಬಾಡಿದ ಬೆಳೆಯನ್ನು ನೋಡಿ ಅಲ್ಲ; ಗೊತ್ತುಪಡಿಸಿದ ಮಾಪನ ಕೇಂದ್ರದ ಅಂಕಿಯನ್ನು ನೋಡಿ. ನಮ್ಮ ಎರೆಭೂಮಿಯ ಮಳೆಯಾದರೋ ಒಂದು ಹೊಲವನ್ನು ತೋಯಿಸಿ ಬದುವಿನಾಚೆಯ ತೊಗರಿಯನ್ನು ಒಣಗಲು ಬಿಡುವಂಥದು. ಆದ್ದರಿಂದ ಮನೆಯಲ್ಲೊಂದು ಹವಾಮಾನ ಕೇಂದ್ರವಿರುವುದು ಬರಿಯ ಹವ್ಯಾಸವಲ್ಲ. ಆ ಅಂಕಿ ಕಚೇರಿಯಲ್ಲಿ ನಡೆಯದಿರಬಹುದು. ಪ್ರಶ್ನೆ ಕೇಳಲು ಆಧಾರವಾದೀತು.

ಯಾವುದನ್ನು ಕೊಳ್ಳಬೇಕು? ಗಾಳಿ, ಬಿಸಿಲು, ತೇವಾಂಶಗಳನ್ನೆಲ್ಲ ಹೇಳುವ ಯಂತ್ರಗಳಿವೆ. ಅವುಗಳೊಳಗಿನ ಪುಟ್ಟ ತೊಟ್ಟಿಲು ತುಂಬಿದೊಡನೆ ವಾಲಿ ಮಳೆಯನ್ನು ಎಣಿಸುತ್ತದೆ. ಧೂಳು, ತರಗೆಲೆ ಸಿಕ್ಕಿಕೊಂಡರೆ ಎಣಿಕೆ ತಪ್ಪುತ್ತದೆ. ಬಿರುಮಳೆಯಲ್ಲಿ ಲೆಕ್ಕ ಕಡಿಮೆ ಬರುತ್ತದೆ. ಹಾಗಾಗಿ ಅಂಥ ಯಂತ್ರ ಕೊಂಡರೂ ಪಕ್ಕದಲ್ಲಿ ಸಾದಾ ಮಳೆಮಾಪಕವೊಂದು ಇರಲೇಬೇಕೆಂದು ನನ್ನ ಮತ. ಅದರ ಒಂದು ಮಿಲಿಮೀಟರ್ ಎಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು.

ಆಯ್ಕೆಗಿಂತ ದೊಡ್ಡದು ಇಡುವ ಜಾಗ. ನಾನು ಮೊದಲು ನನ್ನದನ್ನು ಮಾಳಿಗೆಯ ಗೋಡೆಗೆ ಒತ್ತಿ ಇಟ್ಟೆ. ಮಳೆ ಗೋಡೆಗೆ ಮರೆಯಾಯಿತು; ಉಷ್ಣಮಾಪಕ ಕಾದ ಕಲ್ಲಿನ ಬಿಸಿಯನ್ನೇ ಊರಿನ ಬಿಸಿಯೆಂದು ಸಾರಿತು. ಗೋಡೆಯಿಂದಲೋ ಮರದಿಂದಲೋ ಅದರ ಎತ್ತರದ ಎರಡರಷ್ಟಾದರೂ ದೂರ ಮಾಪಕವಿರಬೇಕು. ಉಷ್ಣಮಾಪಕಕ್ಕೆ ಗಾಳಿಯಾಡುವ ಬಿಳಿಯ ಪೆಟ್ಟಿಗೆ ಬೇಕು. ಅದನ್ನು ರೂಪಿಸಿದವನು ದೀಪಸ್ತಂಭಗಳ ಎಂಜಿನಿಯರ್ ಥಾಮಸ್ ಸ್ಟೀವನ್ಸನ್. ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್ಸನ್ನನ ತಂದೆ.

ಇನ್ನು ಬೇಕಾದದ್ದು ಒಂದು ನೋಟುಪುಸ್ತಕ, ದಿನವೂ ಬೆಳಿಗ್ಗೆ ಎಂಟೂವರೆಗೆ ಓದಿ ಬರೆಯುವ ನಿಷ್ಠೆ. ಮಳೆ ಬಾರದ ದಿನ ಸೊನ್ನೆಯನ್ನೂ ತಪ್ಪದೆ ಬರೆಯಬೇಕು. ಬರ ಬಿದ್ದ ವರ್ಷ ಸಾಕ್ಷಿ ನುಡಿಯುವುದು ಆ ಸೊನ್ನೆಗಳೇ.