ಹೊಳೆಯುವ ಬ್ಯಾಕ್ಟೀರಿಯಾಕ್ಕೆ ಪೇಟೆಂಟ್ ಸಿಗುತ್ತದೆಯೇ?

ಸಮುದ್ರವಾಸಿ ಅಲಿವಿಬ್ರಿಯೊ ಫಿಶೆರಿ ಬ್ಯಾಕ್ಟೀರಿಯಾ ಲೂಸಿಫರೇಸ್ ಕಿಣ್ವದ ನೆರವಿನಿಂದ ನೀಲಿ-ಹಸಿರು ಬೆಳಕು ಬೀರುತ್ತದೆ. ನೀರಿನಲ್ಲಿ ಸತು, ಫೀನಾಲ್‌ನಂತಹ ವಿಷವಿದ್ದರೆ ಆ ಬೆಳಕು ಮಂಕಾಗುತ್ತದೆ. ಎಷ್ಟು ಮಂಕಾಯಿತು ಎಂದು ಅಳೆದರೆ ಸುಮಾರು 30 ನಿಮಿಷದಲ್ಲೇ ನೀರಿನ ವಿಷತ್ವದ ಅಂದಾಜು ಸಿಗುತ್ತದೆ.

ಇದರಲ್ಲಿ ಪೇಟೆಂಟ್ ಯಾವುದಕ್ಕೆ? ಪ್ರಕೃತಿಯಲ್ಲಿರುವ ಜೀವಿಯನ್ನು ಪತ್ತೆಹಚ್ಚುವುದು ಭಾರತದ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಸಿ) ಪ್ರಕಾರ ಆವಿಷ್ಕಾರವಲ್ಲ. ಹೊಸ ಪರೀಕ್ಷಾ ವಿಧಾನ, ಉಪಕರಣ ಅಥವಾ ಬೆಳಕಿನ ಜೀನ್ ಸೇರಿಸಿ ರೂಪಿಸಿದ ತಳಿಗೆ ಪೇಟೆಂಟ್ ಕೇಳಬಹುದು. ಮಾನವ ಮಾರ್ಪಡಿಸಿದ ಬ್ಯಾಕ್ಟೀರಿಯಾಕ್ಕೆ ಪೇಟೆಂಟ್ ಸಲ್ಲುತ್ತದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1980ರಲ್ಲಿ, ಭಾರತ ಮೂಲದ ವಿಜ್ಞಾನಿ ಆನಂದ ಚಕ್ರವರ್ತಿ ಅವರ ಪ್ರಕರಣದಲ್ಲಿ ತೀರ್ಪಿತ್ತಿತು.

ನೆನಪಿರಲಿ: ಬೆಳಕು ಮಂಕಾಗಲಿಲ್ಲ ಎಂದಮಾತ್ರಕ್ಕೆ ನೀರು ಕುಡಿಯಲು ಯೋಗ್ಯವಲ್ಲ. ಈ ಪರೀಕ್ಷೆ ವಿಷ ಯಾವುದೆಂದು ಹೇಳದು, ರೋಗಾಣುಗಳನ್ನೂ ತೋರಿಸದು. ಪೇಟೆಂಟ್ ಎಂದರೆ ಹೊಸತನಕ್ಕೆ ಸಿಗುವ ಹಕ್ಕು, ಸುರಕ್ಷತೆಯ ಪ್ರಮಾಣಪತ್ರವಲ್ಲ.