ಬಟವಾಡೆಯ ನ್ಯಾಯ

ದುಡಿಸಿಕೊಂಡವನು ಕೂಲಿಯನ್ನು ಕೊಡತಕ್ಕುದೆಂಬುದು ಎಲ್ಲರೂ ಒಪ್ಪುವ ಧರ್ಮ. ಕೊಡದೆ ಹೋದರೆ ಕೆಲಸಗಾರನಿಗೆ ಗತಿಯೇನೆಂಬ ಪ್ರಶ್ನೆಗೆ ನಮ್ಮ ದೇಶದ ಶಾಸನವು ಸರಿಯಾದ ಉತ್ತರವನ್ನಿತ್ತುದು ಮಾತ್ರ ಬಹು ತಡವಾಗಿ. ಆ ಚರಿತ್ರೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು 1859ರ 13ನೆಯ ಕಾಯಿದೆಯನ್ನು ನೋಡೋಣ. ಮುಂಗಡವನ್ನು ಪಡೆದು ಕೆಲಸವನ್ನು ಬಿಟ್ಟುಹೋದ ಆಳನ್ನು ಅದರ ಮೇರೆಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಾಗಿದ್ದಿತು. ಹಣವನ್ನು ಹಿಂದಿರುಗಿಸಬೇಕು, ಇಲ್ಲವೆ ಕೆಲಸವನ್ನು ಮುಗಿಸಬೇಕು ಎಂಬ ಆಜ್ಞೆಯನ್ನು ಮೀರಿದವನಿಗೆ ಮೂರು ತಿಂಗಳವರೆಗೆ ಸೆರೆವಾಸ. ಸಂಬಳವನ್ನು ತಡೆಹಿಡಿದ ಧಣಿಯ ಮೇಲಾದರೋ ಕೆಲಸಗಾರನಿಗೆ ಸಾಮಾನ್ಯವಾಗಿ ಉಳಿದಿದ್ದುದು ಸಿವಿಲ್ ದಾವೆಯೊಂದೇ. ಕೆಲವೇ ರೂಪಾಯಿಗಳ ಬಾಕಿಗಾಗಿ ಸ್ಟಾಂಪಿನ ವೆಚ್ಚ, ವಕೀಲರ ಫೀಜು, ವಾಯಿದೆಯ ದಿನಗಳ ಕೂಲಿನಷ್ಟ, ಇವೆಲ್ಲವನ್ನೂ ತೆತ್ತು ಗೆದ್ದವನೂ ಸೋತವನಂತೆಯೇ ಮನೆಗೆ ಮರಳುತ್ತಿದ್ದನು. ಈ ಅಸಮನ್ಯಾಯದ ಕಾಯಿದೆಯು 1925ರ ಶಾಸನದಿಂದ ರದ್ದಾಯಿತು.

1929ರಲ್ಲಿ ಜೆ. ಎಚ್. ವಿಟ್ಲೆಯವರ ಅಧ್ಯಕ್ಷತೆಯಲ್ಲಿ ನೇಮಕವಾದ ರಾಯಲ್ ಕಮಿಷನ್ನು ಬಟವಾಡೆಯ ವಿಳಂಬವನ್ನೂ ಜುಲ್ಮಾನೆಗಳನ್ನೂ ವಿಚಾರಿಸಿ, ಅವುಗಳಿಗೆ ಶಾಸನದ ಕಟ್ಟು ಬೇಕೆಂದು 1931ರ ವರದಿಯಲ್ಲಿ ಸೂಚಿಸಿತು. ಅದರ ಫಲವೇ 1936ರ ವೇತನ ಪಾವತಿ ಕಾಯಿದೆ. ತಿಂಗಳಿಗೆ 200 ರೂಪಾಯಿಗಳಿಗಿಂತ ಕಡಮೆ ಸಂಬಳದ ಕಾರ್ಖಾನೆ ಮತ್ತು ರೈಲ್ವೆ ನೌಕರರಿಗೆ ಅದು ಮೊದಲು ಅನ್ವಯಿಸಿತು. ಬ್ರಿಟಿಷ್ ಇಂಡಿಯಾದ ಕಾಯಿದೆಯಾದುದರಿಂದ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಗೆ ಅದು ಸಲ್ಲುತ್ತಿದ್ದಿತು; ಮೈಸೂರು ಸಂಸ್ಥಾನದ ಗಿರಣಿಗಳಿಗೆ ಸಲ್ಲುತ್ತಿರಲಿಲ್ಲ.

ಸಾವಿರಕ್ಕಿಂತ ಕಡಮೆ ಕೆಲಸಗಾರರಿರುವಲ್ಲಿ ಅವಧಿ ಮುಗಿದ 7ನೆಯ ದಿನದೊಳಗಾಗಿ, ಹೆಚ್ಚು ಮಂದಿ ಇರುವಲ್ಲಿ 10ನೆಯ ದಿನದೊಳಗಾಗಿ ಬಟವಾಡೆ ನಡೆಯಬೇಕೆಂದು ವಿಧಿಸಲಾಯಿತು. ಕಾಯಿದೆಯಲ್ಲಿ ಹೇಳಿದ ಬಾಬುಗಳಿಗಲ್ಲದೆ ಸಂಬಳದಲ್ಲಿ ಕಾಸನ್ನೂ ಮುರಿದುಕೊಳ್ಳುವಂತಿರಲಿಲ್ಲ. ಜುಲ್ಮಾನೆಯು ರೂಪಾಯಿಗೆ ಅರ್ಧ ಆಣೆಯನ್ನು ಮೀರಬಾರದು. ಆ ಹಣವೂ ಕೆಲಸಗಾರರ ಹಿತಕ್ಕೇ ವೆಚ್ಚವಾಗಬೇಕು. ಅನ್ಯಾಯವಾದರೆ ಸರ್ಕಾರವು ನೇಮಿಸಿದ ಅಧಿಕಾರಿಗೆ ತಾನಾಗಿಯೇ, ವಕೀಲರ ಮೂಲಕವಾಗಿ, ಅಥವಾ ನೋಂದಾಯಿತ ಕಾರ್ಮಿಕ ಸಂಘದ ಮೂಲಕವಾಗಿ ಅರ್ಜಿಯನ್ನು ಕೊಡಬಹುದು. ಹಲವರು ಕೂಡಿ ಒಂದೇ ಅರ್ಜಿಯನ್ನು ಕೊಡಬಹುದು. ಅನ್ಯಾಯವಾಗಿ ಮುರಿದುಕೊಂಡ ಹಣವಲ್ಲದೆ ಅದರ ಹತ್ತು ಪಟ್ಟಿನವರೆಗೆ ಪರಿಹಾರವನ್ನು ಕೊಡಿಸುವ ಅಧಿಕಾರವೂ ಅವರಿಗಿದ್ದಿತು. ಈ ಹಕ್ಕನ್ನು ಬಿಟ್ಟುಕೊಡುವೆನೆಂದು ಬರೆಯಿಸಿಕೊಂಡ ಕರಾರು ಅಸಿಂಧು.

ಇಷ್ಟಿದ್ದೂ ಒಂದು ಕೊರತೆ ಉಳಿಯಿತು. ಅರ್ಜಿಗೆ ಗೊತ್ತಾದ ಅವಧಿ ಆರೇ ತಿಂಗಳು. ತಕ್ಕ ಕಾರಣವಿದ್ದರೆ ತಡವನ್ನು ಮನ್ನಿಸಬಹುದಾಗಿದ್ದಿತು, ನಿಜ. ಆದರೆ ಕೆಲಸದಲ್ಲಿರುವವನು ಅನ್ನಕ್ಕೆ ಕಲ್ಲು ಬಿದ್ದೀತೆಂದು ಬಾಯಿ ತೆರೆಯನು. ಕೆಲಸವನ್ನು ಬಿಟ್ಟ ಮೇಲೆ ಧೈರ್ಯ ಬರುವಷ್ಟರಲ್ಲಿ ಕಾಲ ಮೀರಿರುವುದು. 1964ರ ತಿದ್ದುಪಡಿಯು ಈ ಅವಧಿಯನ್ನು ಹನ್ನೆರಡು ತಿಂಗಳಿಗೇರಿಸಿತು. 2019ರ ವೇತನ ಸಂಹಿತೆಯು ಮೂರು ವರ್ಷಗಳಿಗೆ ವಿಸ್ತರಿಸಿತು. ಆರು ತಿಂಗಳು ಮೂರು ವರ್ಷವಾಗಲು 83 ವರ್ಷಗಳು ಹಿಡಿದುವು. ದೂರನ್ನು ಹೇಳಿಕೊಳ್ಳಲು ಬೇಕಾದ ಕಾಲವನ್ನು ಕೊಡುವುದೂ ನ್ಯಾಯದ ಒಂದು ಅಂಗವೇ ಎಂಬುದನ್ನು ಈ ಚರಿತ್ರೆಯು ನಮಗೆ ತಿಳಿಸುತ್ತದೆ.