ಸವಳು ನೀರು ಮತ್ತು ಅಂಬಾಸಿಡರ್: ರಾಯಚೂರು ಸೀಮೆಯ ಮೋಟಾರು ರಿಪೇರಿಯ ಒಂದು ಅಧ್ಯಾಯ

ರಾಯಚೂರು, ದೇವದುರ್ಗ, ಮಾನ್ವಿಗಳ ರಸ್ತೆಗಳ ಇತಿಹಾಸದಲ್ಲಿ ಸ್ಪೋರ್ಟ್ಸ್ ಕಾರಿಗೆ ಹೇಳಿಕೊಳ್ಳುವಂಥ ಸ್ಥಾನವಿಲ್ಲವಾದರೂ, ಅಂಥ ಒಂದು ಕಾರಿನ ಎಂಜಿನ್ನು ದಶಕಗಳ ಕಾಲ ಇಲ್ಲಿನ ಟ್ಯಾಕ್ಸಿ ನಿಲ್ದಾಣಗಳಲ್ಲಿಯೂ ಸರ್ಕಾರಿ ಕಚೇರಿಗಳ ಅಂಗಳದಲ್ಲಿಯೂ ಬೇರೆ ಹೆಸರಿನಲ್ಲಿ ಓಡಾಡಿಕೊಂಡಿತ್ತು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ-ಸರಣಿ’ಯ ಎಂಜಿನ್ನು 1489 ಸಿಸಿ ಗಾತ್ರದಲ್ಲಿ 1955ರ ಎಂಜಿಎ ಎಂಬ ಸ್ಪೋರ್ಟ್ಸ್ ಕಾರನ್ನು ಓಡಿಸಿತು; ಅದೇ ಗಾತ್ರದ, ವೇಗ ತಗ್ಗಿಸಿ ಸಾಧುವಾಗಿಸಿದ ಅದರ ರೂಪವೇ ಕೋಲ್ಕತ್ತದ ಬಳಿಯ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರಿನ ಬಾನೆಟ್ಟಿನ ಕೆಳಗೂ ಇತ್ತು. ಆದ್ದರಿಂದ ಆ ಕಾಲದ ಸ್ಪೋರ್ಟ್ಸ್ ಕಾರಿನ ಎಂಜಿನ್ನಿನಲ್ಲಿ ನೀರು ಎಲ್ಲಿ ಸೋರುತ್ತದೆಂಬುದನ್ನು ಪತ್ತೆಹಚ್ಚುವ ವಿದ್ಯೆ ಈ ಸೀಮೆಯ ಮಿಸ್ತ್ರಿಗಳಿಗೆ ಅಂಬಾಸಿಡರಿನ ಮೂಲಕವೇ ಬಂದಿತೆನ್ನಬಹುದು.

ನೀರಿಗೂ ಯಂತ್ರಕ್ಕೂ ಇರುವ ಜಗಳ ಇಲ್ಲಿಗೆ ಕಾರಿಗಿಂತ ಮೊದಲೇ ಬಂದಿತ್ತು. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸಿನ ಕಡೆಯಿಂದ ಬಂದ ರೈಲುಮಾರ್ಗವೂ ರಾಯಚೂರಿನಲ್ಲಿ ಕೂಡಿಕೊಂಡವು. ಗಡಸು ನೀರನ್ನು ಕಾಯಿಸಿದಷ್ಟೂ ಬಾಯ್ಲರಿನ ಒಳಮೈಗೆ ಸುಣ್ಣದ ಪೊರೆ ಕಟ್ಟುತ್ತದೆಂಬುದು, ಆಗಾಗ ಅದನ್ನು ತೊಳೆಯದಿದ್ದರೆ ಕೊಳವೆಗಳು ಕೆಡುತ್ತವೆಂಬುದು ಉಗಿಬಂಡಿಯವರಿಗೆ ದಿನನಿತ್ಯದ ತಿಳಿವಳಿಕೆಯಾಗಿತ್ತು. ನಿಜಾಮರ ರೈಲ್ವೆ 1932ರಲ್ಲಿ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಇಲಾಖೆಯನ್ನು ತೆರೆದಾಗ ರಾಯಚೂರು ಜಿಲ್ಲೆ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು; 1956ರಲ್ಲಿ ಅದು ಮೈಸೂರು ರಾಜ್ಯಕ್ಕೆ ಬಂತು. ಅಂಬಾಸಿಡರಿನ ಯುಗ ಶುರುವಾದದ್ದು ಅದರ ಬೆನ್ನಿಗೇ.

ಎಂಜಿನ್ನಿನ ಸಿಲಿಂಡರುಗಳ ಸುತ್ತ ಎರಕದಲ್ಲಿಯೇ ಬಿಟ್ಟ ಪೊಳ್ಳಿನಲ್ಲಿ ನೀರು ಹರಿದು, ಕಾವನ್ನು ಹೊತ್ತು ರೇಡಿಯೇಟರಿಗೆ ಬಂದು, ಅಲ್ಲಿ ಗಾಳಿಗೆ ತಣಿದು ಮರಳಿ ಹೋಗುತ್ತದೆ. ಬೇಸಿಗೆಯಲ್ಲಿ ಗಾಳಿಯೇ 42 ಡಿಗ್ರಿಗೆ ಏರುವ ಊರಿನಲ್ಲಿ ಈ ತಣಿಸುವಿಕೆಗೆ ಉಳಿಯುವ ಅಂತರ ಚಿಕ್ಕದು. ಒತ್ತಡ ಒಂದು ಪೌಂಡು ಏರಿದರೆ ಕುದಿಬಿಂದು ಸುಮಾರು ಒಂದೂವರೆ ಡಿಗ್ರಿ ಮೇಲಕ್ಕೆ ಹೋಗುವುದರಿಂದ, ರೇಡಿಯೇಟರಿನ ಮುಚ್ಚಳದ ರಬ್ಬರು ಸವೆದು ಒತ್ತಡ ನಿಲ್ಲದಾದರೆ, ಬೇರೆಲ್ಲೂ ತೂತಿಲ್ಲದಿದ್ದರೂ ನೀರು ಕುದಿದು ಹೊರಬೀಳುತ್ತದೆ. ಅಗ್ಗದ ಈ ಮುಚ್ಚಳವನ್ನು ಮೊದಲು ನೋಡದೆ ಎಂಜಿನ್ನನ್ನು ಬಿಚ್ಚುವ ಆತುರದಿಂದ ಎಷ್ಟೋ ಕಾರುಗಳು ಅನ್ಯಾಯವಾಗಿ ಕೆಟ್ಟಿರಬೇಕು.

ಸೋರಿಕೆಯ ಹುಡುಕಾಟಕ್ಕೆ ಇಲ್ಲಿ ನೆರವಾದದ್ದು ನೀರಿನ ದೋಷವೇ. ಕಣಶಿಲೆಯ ನೆಲದ ಬೋರ್ ನೀರು ಲವಣಗಳಿಂದ ಕೂಡಿದ ಸವಳು ನೀರು. 1953ರಿಂದ ತುಂಗಭದ್ರೆಯ ನೀರು ಹರಿಯತೊಡಗಿ, ಎಡದಂಡೆ ಕಾಲುವೆ ಮಾನ್ವಿಯ ಹೊಲಗಳಿಗೆ ಮುಟ್ಟಿದ ಮೇಲೂ ಹಲವೆಡೆ ಭೂಮಿಯೇ ಸವಳಾಯಿತು. ಇಂಥ ನೀರು ಬಿಸಿ ಕಬ್ಬಿಣದ ಮೇಲೆ ಜಿನುಗಿ ಆರಿದಾಗ ಬಿಳಿಯ ಗೆರೆ ಉಳಿಯುತ್ತದೆ. ಎಂಜಿನ್ನು ಪೂರ್ತಿ ತಣ್ಣಗಾದ ಮೇಲೆ ಆ ಗೆರೆಯ ಜಾಡು ಹಿಡಿದು ಮೇಲಕ್ಕೆ ಹೋದರೆ, ಗೆರೆಯ ತುದಿಯಲ್ಲಿ ಸೋರುವ ಜಾಗ ಸಿಗುತ್ತದೆ. ಬಿ-ಸರಣಿಯಲ್ಲಿ ಫ್ಯಾನು ವಾಟರ್ ಪಂಪಿನ ಶಾಫ್ಟಿನ ಮೇಲೆಯೇ ಕುಳಿತಿರುವುದರಿಂದ, ಫ್ಯಾನಿನ ಎಲೆ ಬಾಗಿದರೂ ಬೆಲ್ಟು ಅತಿಯಾಗಿ ಬಿಗಿದರೂ ಪಂಪಿನ ಬೇರಿಂಗು ಸವೆದು, ಅದರ ಹೊಟ್ಟೆಯ ಚಿಕ್ಕ ರಂಧ್ರದಿಂದ ನೀರು ತೊಟ್ಟಿಕ್ಕುತ್ತದೆ. ಫ್ಯಾನನ್ನು ಕೈಯಲ್ಲಿ ಹಿಡಿದು ಹಿಂದೆಮುಂದೆ ಅಲುಗಿಸಿದರೆ ಸಾಕು, ರೋಗ ತಿಳಿಯುತ್ತದೆ. ಎರಕದ ಮರಳನ್ನು ತೆಗೆಯಲು ಬಿಟ್ಟ ತೂತುಗಳಿಗೆ ಬ್ಲಾಕಿನ ಪಕ್ಕದಲ್ಲಿ ಬಡಿದು ಕೂರಿಸಿದ ತೆಳು ಉಕ್ಕಿನ ಬಿಲ್ಲೆಗಳು ಒಳಗಿನಿಂದ ತುಕ್ಕು ತಿಂದು ಸೋರುವುದು ಇನ್ನೊಂದು ಬಗೆ.

ಹೊರಗೆ ಯಾವ ಗೆರೆಯೂ ಕಾಣದೆ ನೀರು ಮಾತ್ರ ಇಳಿಯುತ್ತಿದ್ದರೆ ಸಂಶಯ ಹೆಡ್ ಗ್ಯಾಸ್ಕೆಟ್ಟಿನ ಮೇಲೆ, ಅಂದರೆ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರುವ ತೆಳು ಹಾಳೆಯ ಮೇಲೆ. ಅದು ಒಡೆದರೆ ಸಿಲಿಂಡರಿನ ಅನಿಲ ನೀರಿಗೆ ನುಗ್ಗಿ ರೇಡಿಯೇಟರಿನಲ್ಲಿ ಗುಳ್ಳೆ ಏಳಬಹುದು, ನೀರು ಆಯಿಲಿಗೆ ಬೆರೆತು ಡಿಪ್‌ಸ್ಟಿಕ್ಕಿನ ಮೇಲೆ ಹಾಲು ಚಹಾದ ಬಣ್ಣ ಕಾಣಬಹುದು, ಇಲ್ಲವೇ ಸಿಲಿಂಡರಿಗೆ ಇಳಿದ ನೀರು ಉಗಿಯಾಗಿ ಒಂದೇ ಒಂದು ಸ್ಪಾರ್ಕ್ ಪ್ಲಗ್ಗನ್ನು ತೊಳೆದಂತೆ ಬೆಳ್ಳಗಾಗಿಸಬಹುದು. ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಇಟ್ಟು ನೋಡುವ ಈ ಕೊನೆಯ ಪರೀಕ್ಷೆಗೆ ಯಾವ ವಿಶೇಷ ಉಪಕರಣವೂ ಬೇಡವಾದ್ದರಿಂದ, ದೇವದುರ್ಗದಂಥ ಪಟ್ಟಣದ ರಸ್ತೆಬದಿಯ ಶೆಡ್ಡಿಗೆ ಅದೇ ಹೆಚ್ಚು ಒಗ್ಗುವಂಥದ್ದು.

ಗ್ಲೈಕಾಲ್ ಬೆರೆಸಿದ ಬಣ್ಣದ ಕೂಲಂಟು ಬಳಕೆಗೆ ಬಂದ ಮೇಲೆ ಹಳೆಯ ಎಂಜಿನ್ನುಗಳಲ್ಲಿ ಸೋರಿಕೆ ಹೆಚ್ಚಿತೆಂಬ ದೂರನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ನೀರು ನಿಲ್ಲುವ ಸಂದಿಯಲ್ಲೂ ಗ್ಲೈಕಾಲ್ ನುಸುಳಬಲ್ಲದು; ಕಟ್ಟಿದ ಸುಣ್ಣವನ್ನು ತೊಳೆದು ತೆಗೆದ ಮೇಲಂತೂ ಅದೇ ಸುಣ್ಣ ಮುಚ್ಚಿಹಿಡಿದಿದ್ದ ಬಿರುಕುಗಳೆಲ್ಲ ಬಾಯಿಬಿಡುತ್ತವೆ. ಹೀಗಾಗಿ ಸವಳು ನೀರಿಗೇ ಮರಳುವವರಿಗೆ ತಕ್ಷಣದ ಸೋರಿಕೆ ನಿಲ್ಲುತ್ತದೆ, ರೇಡಿಯೇಟರಿನ ಸಣ್ಣ ಕೊಳವೆಗಳು ಮಾತ್ರ ಒಂದೊಂದಾಗಿ ಕಟ್ಟಿಕೊಳ್ಳುತ್ತ ಹೋಗುತ್ತವೆ.